ದ್ರಾಕ್ಷಿ ತೋಟದ ಕೂಗು

ಶೇಡಬಾಳದ ಧರಣೇಂದ್ರ ಒಮ್ಮೆ ದಿಟ್ಟಿಸಿದರೆ ಕೃಷ್ಣೆಯ ತಳದ ಮೀನೂ ತಪ್ಪೊಪ್ಪಿಕೊಳ್ಳುತ್ತಿತ್ತು. ಅವನ ಬೆನ್ನಿಗೇ ತಿರುಗುತ್ತಿದ್ದ ಗೆಳೆಯ ಮುರಗೆಪ್ಪನಿಗೆ ಮಾತ್ರ, ಆ ಮೀನು ಹಿಡಿದುಕೊಟ್ಟವನು ತಾನೇ ಎಂಬ ನಂಬಿಕೆ.

೨೦೧೨ರ ಮಾರ್ಚಿನಲ್ಲಿ ರಾಮವ್ವ ಬಂದು ಅವರೆದುರು ಸೆರಗೊಡ್ಡಿದಳು. "ಅಣ್ಣಾರ, ನನ್ನ ಗಂಡನ್ನ ಉಳಸ್ರಿ. ಸಾಯಾವನ್ನ ಹೊತ್ಕೊಂಡು ದವಾಖಾನಿಗೆ ಓಡಿದ್ದಽ ತಪ್ಪಾತು. ಕಂಬಳ್ಯಾಗ ರಕ್ತ ಐತಿ, ಕೈಯಾಗ ಕುರಿ ಕಾಯೋ ಬಡಿಗಿ ಐತಿ ಅಂತ ಪೊಲೀಸರು ಹಿಡಕೊಂಡಾರ."

ಅವಳ ಗಂಡ ಹಾಲಸಿದ್ದ, ಕುರಿ ಕಾಯುತ್ತ ಪರಊರಿಂದ ಬಂದವನು. ಹಿಂದಿನ ಸಂಜೆ ಸುಧೀರನ ದ್ರಾಕ್ಷಿ ತೋಟದ ಬಳಿ ದಾರಿಹೋಕನೊಬ್ಬ ತಲೆ ಒಡೆದು ಬಿದ್ದು, ಕತ್ತಲಾಗುವತನಕ ಕೂಗಿದ್ದ. ಹಾಲಸಿದ್ದ ಹೊತ್ತು ಓಡಿದರೂ ದಾರಿಯಲ್ಲೇ ಜೀವ ಹೋಗಿತ್ತು.

ತೋಟದ ಸುತ್ತಲ ಮನೆಗಳಲ್ಲಿ ಧರಣೇಂದ್ರ ವಿಚಾರಿಸಿದ.

"ಕೇಳಿಸ್ತರಿ," ಎಂದ ಬಾಳಾಸಾಬ. "ಹಕ್ಕಿ ಓಡಿಸೋ ಭೋಂಗಾ ಅಂದ್ಕೊಂಡೆ."

ಮನೆಮನೆಯಲ್ಲೂ ಅದೇ ಮಾತು, ಊರಿಗೆಲ್ಲ ಒಂದೇ ಬಾಯಿ ಇದ್ದಂತೆ. ಹಣ್ಣಿನ ಕಾಲದಲ್ಲಿ ಸುಧೀರನ ತೋಟದ ಕಂಬದ ಮೇಲಿನ ಭೋಂಗಾ ಎಂಬ ಧ್ವನಿವರ್ಧಕ ಧ್ವನಿಮುದ್ರಿಸಿದ ಮನುಷ್ಯನ ದನಿಯಲ್ಲಿ ದಿನವಿಡೀ ಚೀರುತ್ತಿತ್ತು. ತೊಟ್ಟಿಲ ಕೂಸೂ ಅದಕ್ಕೆ ಬೆಚ್ಚುತ್ತಿರಲಿಲ್ಲ. ಮುರಗೆಪ್ಪನ ಮೈಕೂದಲು ಕಬ್ಬಿನಷ್ಟುದ್ದ ಎದ್ದುನಿಂತವು.

ಸುಧೀರನ ಅಂಗಳದಲ್ಲಿ ಧೂಳು ಮೆತ್ತಿದ ಟ್ರ್ಯಾಕ್ಟರ್ ಟ್ರಾಲಿ ನಿಂತಿತ್ತು. ಅದರ ಹಿಂದಿನ ಹಲಗೆ ಮಾತ್ರ ತೊಳೆದು ಫಳಫಳ. ಪಡಸಾಲೆಯ ಮೂಲೆಯಲ್ಲಿದ್ದ ಭೋಂಗಾಕ್ಕೆ ಮುರಗೆಪ್ಪ ಎಡವಿದ, ಮೊಣಕಾಲು ಕುಂಬಳಕಾಯಿಯಾಯಿತು.

ಸುಧೀರನ ಹೆಂಡತಿ ರೂಪಾಲಿ ಅರಿಶಿನ ತಂದಳು. "ನಿನ್ನೆ ಮುಂಜಾನೆ ನಮ್ಮವ್ರು ಇಳಿಸಿಟ್ರು. ಹಣ್ಣು ಮುಗೀತಲ್ರಿ."

ಸಂಜೆ ಧರಣೇಂದ್ರ ಎಲ್ಲರನ್ನೂ ಕೂಡಿಸಿದ. ಪೊಲೀಸ್ ಠಾಣೆಯ ಜಮಾದಾರ ಹಾಲಸಿದ್ದನನ್ನು ಕರೆತಂದ.

"ಕೂಗು ಕೇಳಿ ನೀ ಯಾಕ ಹೋಗಲಿಲ್ಲೋ ಸುಧೀರ?" ಧರಣೇಂದ್ರ ಕೇಳಿದ.

"ಎಲ್ಲಾರಂಗ ನಾನೂ ಭೋಂಗಾ ಅಂದ್ಕೊಂಡೆ, ಕಾಕಾ."

"ಇವರು ಅಂದ್ಕೋಬಹುದು. ಮುಂಜಾನೆ ಕೈಯಾರೆ ಇಳಿಸಿಟ್ಟವ ನೀ ಹೆಂಗ ಅಂದ್ಕೊಂಡಿ? ಅದು ಮನುಷ್ಯನ ದನಿ ಅಂತ ನಿನಗ ಗೊತ್ತಿತ್ತು. ಮತ್ತ, ಟ್ರಾಲಿ ತುಂಬ ಧೂಳ ಇರೂವಾಗ ಹಿಂದಿನ ಹಲಗಿ ಅಷ್ಟಽ ಯಾಕ ತೊಳದಿ? ಹಾಲಸಿದ್ದ ಪರಊರಾವ, ಭೋಂಗಾ ಗೊತ್ತಿಲ್ಲ. ಮನುಷ್ಯ ಕೂಗಾಕತ್ತಾನ ಅಂತ ಓಡಿ ಬಂದ, ಅಷ್ಟಽ."

ಸುಧೀರ ಕುಸಿದ. "ಟ್ರಾಲಿ ಹಿಂದ ತಗೋವಾಗ ಬಡೀತ್ರಿ. ಕೇಸ್ ಆದೀತು ಅಂತ ಬಳ್ಳಿ ಮರಿಗೆ ಕುಂತೆ. ಇಷ್ಟ್ ಕೂಗಾಕತ್ತಾನ, ಯಾರರ ಬರ್ತಾರ ಅಂತ ದಾರಿ ಕಾದೆ… ಯಾರೂ ಬರಲಿಲ್ಲ."

ಜಮಾದಾರ ಹಾಲಸಿದ್ದನ ಕೈ ಬಿಟ್ಟ.

"ಇನ್ನೊಮ್ಮೆ ಹಿಂಗಾದ್ರ ಹೋಗ್ತಿಯೇನಲೇ?" ಬಾಳಾಸಾಬ ಹಾಲಸಿದ್ದನನ್ನು ಕೇಳಿದ.

"ಹೋಗ್ತೀನ್ರಿ ಸಾವಕಾರ್ರ. ಆದ್ರ ಮೊದಲ ನಿಮ್ಮ ಕದಾ ಬಡೀತೀನಿ."