ಮುಟಿಂಟಾ ಬರೆದ ವರದಿ

ಇಂಗ್ಲೆಂಡಿನ ಲೀಡ್ಸ್ ಹೊರವಲಯದ ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ಚಿನ ಮುಂದೆ ಮುಟಿಂಟಾ ನಿಂತವಳು ನಿಂತೇ ಇದ್ದಳು. ಬೆಳಿಗ್ಗೆ ತಾನು ಹಾಕಿದ್ದ ಬೀಗ ಅಲ್ಲಿರಲಿಲ್ಲ.

ಲೈನಿನ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರೂ ಆಫ್ ಮಾಡಿದ ಸ್ವಿಚ್ಚಿಗೆ ತಮ್ಮದೊಂದು ಬೀಗ ಹಾಕಬೇಕು, ತಾವೇ ಬಂದು ತೆಗೆಯಬೇಕು. ಅಲ್ಲಿಯವರೆಗೆ ಕರೆಂಟು ಬಿಡುವ ಹಾಗಿಲ್ಲ. ಮ್ಯಾನೇಜರಾದರೂ ಅಷ್ಟೇ, ಮಂತ್ರಿಯಾದರೂ ಅಷ್ಟೇ.

"ನಾನೇ ತೆಗೆದೆ," ಎಂದ ಮೃತ್ಯುಂಜಯ. ಧಾರವಾಡದವನು, ಅವಳ ತಂಡದ ಎಂಜಿನಿಯರ್. ಎರಡು ವರ್ಷದಿಂದ ಕದ್ದು ಕದ್ದು ಅವಳನ್ನೇ ನೋಡುತ್ತಿದ್ದ; ಅವಳಿಗದು ಗೊತ್ತಿರಲಿಲ್ಲವೆಂದೇನಲ್ಲ. "ಕೆಲಸ ಮುಗೀತು ಅಂದ್ಕೊಂಡೆ. ಆಫೀಸಲ್ಲಿ ಸ್ಪೇರ್ ಕೀ ಇತ್ತು. ಬೆಳಗ್ಗಿಂದ ಚಳಿಯಲ್ಲಿ ನಿಂತಿದ್ದೀಯ, ಬೇಗ ಮನೆಗೆ ಹೋಗ್ಲಿ ಅಂತ..."

"ನೀನು ತೆಗೆದಾಗ ನನ್ನ ಕೈ ಇನ್ನೂ ಲೈನಿನ ಮೇಲೇ ಇತ್ತು, ಮೃತ್ಯುಂಜಯ."

ಪುಣ್ಯಕ್ಕೆ ಯಾರೂ ಕರೆಂಟು ಬಿಟ್ಟಿರಲಿಲ್ಲ. ಆದರೂ ಅವನ ಮುಖ ಬಿಳುಚಿಕೊಂಡಿತು.

ಜಾಂಬಿಯಾದಲ್ಲಿ ಅವಳ ಊರಿನ ಮೇಲೆಯೇ ದೊಡ್ಡ ತಂತಿಗಳು ಹಾದುಹೋಗುತ್ತಿದ್ದವು. ಕೆಳಗೆ ಮನೆಗಳಲ್ಲಿ ಮಾತ್ರ ಸೀಮೆಎಣ್ಣೆ ದೀಪ. ಆ ದೀಪದಲ್ಲೇ ಓದಿದಳು. ಹುಡುಗಿಗ್ಯಾಕೆ ಕಂಬ, ತಂತಿ ಎಂದವರ ಬಾಯಿ ಮುಚ್ಚಿಸಿದವನು ಲೈನ್‌ಮನ್ ಆಗಿದ್ದ ಅಣ್ಣ. ಅವಳು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ, ಅವನಿನ್ನೂ ಕಂಬದ ಮೇಲಿರುವಾಗಲೇ, ಯಾರೋ ಅವನ ಬೀಗ ತೆಗೆದು ಕರೆಂಟು ಬಿಟ್ಟರು. ಅವರೂ ಒಳ್ಳೆಯ ಮನಸ್ಸಿನಿಂದಲೇ ತೆಗೆದಿದ್ದರಂತೆ. ಯಾರೂ ವರದಿ ಬರೆಯಲಿಲ್ಲ.

ಸೈಟ್ ಆಫೀಸಿನಲ್ಲಿ ಅವಳು ವರದಿಯ ಫಾರ್ಮ್ ತೆಗೆದಳು. ಬೀಗ ತೆಗೆದವರ ಹೆಸರಿನ ಜಾಗಕ್ಕೆ ಬಂದಾಗ ಕೈ ಓಡಲಿಲ್ಲ. ಬರೆದರೆ ಅವನು ಸೈಟಿಗೆ ಕಾಲಿಡುವ ಹಾಗಿಲ್ಲ, ಕೆಲಸವೇ ಹೋದರೂ ಹೋದೀತು. ಅವಳಿಗೆ ಅವನು ಬೇಕಾಗಿದ್ದ. ಸುಳ್ಳು ಯಾಕೆ, ತುಂಬಾ ಬೇಕಾಗಿದ್ದ.

"ಬರಿ," ಎಂದ ಅವನು ಎದುರು ಕುರ್ಚಿಯಲ್ಲಿ ತಲೆ ತಗ್ಗಿಸಿ. "ಉದ್ದದ ಹೆಸರು. ಸ್ಪೆಲಿಂಗ್ ಬೇಕಾದ್ರೆ ಹೇಳ್ತೀನಿ."

"ಬೇಡ. ಎರಡು ವರ್ಷದಿಂದ ಬಾಯಿಪಾಠ ಆಗಿದೆ."

ಬರೆದಳು. ಸಹಿ ಹಾಕಿದಳು. ಆಮೇಲೆ ಅತ್ತಳು.

"ನಿನ್ನನ್ನ ಪ್ರೀತಿಸ್ತೀನಿ. ಪ್ರೀತಿಸದೆ ಇದ್ದಿದ್ರೂ ಬರೀತಿದ್ದೆ. ಇಷ್ಟು ನೋವಾಗ್ತಿರಲಿಲ್ಲ, ಅಷ್ಟೇ."

ಮೃತ್ಯುಂಜಯ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದ. ಇಷ್ಟು ದಿನದಲ್ಲಿ ಅದೇ ಮೊದಲ ಸಲ.

"ಡರ್ಬಿಯಲ್ಲಿ ನಮ್ಮ ಅವ್ವ ಇದ್ದಾಳೆ. ಮನೇಲಿ ಯಾಕೆ ಕೂತಿದ್ದೀಯ ಅಂತ ಕೇಳೇ ಕೇಳ್ತಾಳೆ."

"ಏನು ಹೇಳ್ತೀಯ?"

"ಅದನ್ನ ನೀನೇ ಬಂದು ಹೇಳು. ಭಾನುವಾರ, ಊಟಕ್ಕೆ. ಉಳಿದದ್ದನ್ನ ನಾನು ಹೇಳ್ತೀನಿ."

ಮುಟಿಂಟಾ ಕಣ್ಣೊರೆಸಿಕೊಂಡು, ಎಷ್ಟು ಗಂಟೆಗೆ ಬರಲಿ ಎಂದು ಕೇಳಿದಳು.