ಜಿಯಾದನ ಹೊಟ್ಟೆನೋವು

“ಆ ಮಹ್ದಿಯಾ ಊರಿಗೆ ಬರಲ್ಲ ಅಂದ್ರೆ ಬರಲ್ಲ! ನನ್ನ ಕೆಲಸ ಇರೋದು ಇಲ್ಲಿ, ಸ್ಫಾಕ್ಸ್‌ನಲ್ಲಿ!” ಅಮ್ಮ ಸೌಟು ಕುಕ್ಕಿದಳು.

“ನನ್ನ ಹೊಸ ಕೆಲಸ ಅಲ್ಲಿದೆ. ದಿನಾ ನಾಲ್ಕು ಗಂಟೆ ಬಸ್ಸಲ್ಲೇ ಕೂತಿರ್ಲಾ?” ಅಪ್ಪನ ದನಿಯೂ ಏರಿತು.

“ಅಮ್ಮಾ... ಹೊಟ್ಟೆ!” ಆರು ವರ್ಷದ ಜಿಯಾದ್ ಮುದುರಿಕೊಂಡ.

ಜಗಳ ಅಲ್ಲಿಗೇ ನಿಂತಿತು. ಅಮ್ಮ ಸೋಂಪಿನ ನೀರು ಕುದಿಸಲು ಓಡಿದಳು. ಅಪ್ಪ ಅವನನ್ನು ತೊಡೆಯ ಮೇಲೆ ಮಲಗಿಸಿ, ಆಲಿವ್ ಎಣ್ಣೆ ಹಚ್ಚಿ ಹೊಟ್ಟೆ ನೀವಿದ.

ಅವತ್ತು ಶಾಲೆಯಲ್ಲಿ ಅಕ್ಕ ದೊರ್ಸಾಫಳ ಚಿತ್ರಕ್ಕೆ ಮೊದಲ ಬಹುಮಾನ ಬಂದಿತ್ತು. ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ತಮ್ಮನಿಗೆ ಹೊಟ್ಟೆನೋವು ಬಂದಿದ್ದು ಈ ತಿಂಗಳಲ್ಲಿ ಇದು ನಾಲ್ಕನೇ ಸಲ. ಡಾಕ್ಟರು ಮಾತ್ರ, “ಏನೂ ತೊಂದರೆ ಇಲ್ಲ” ಅಂದಿದ್ದರು.

ರೂಮಿಗೆ ಬಂದ ತಮ್ಮನನ್ನು ಅವಳು ಅಡ್ಡಗಟ್ಟಿದಳು. “ಏಯ್ ನಾಟಕದ ರಾಜ, ನಿಜ ಹೇಳು!”

“ನಾಟಕ ಅಲ್ಲಕ್ಕ, ನಿಜವಾಗ್ಲೂ ನೋಯುತ್ತೆ.” ಜಿಯಾದನ ಕಣ್ಣು ತುಂಬಿತು. “ಅವರು ಕೂಗಾಡಿದ್ರೆ ಇಲ್ಲಿ ಹಿಡ್ಕೊಳ್ಳುತ್ತೆ. ಇಬ್ಬರೂ ನನ್ನ ಪಕ್ಕ ಬಂದು ಕೂತ್ರೆ ಹೋಗ್ಬಿಡುತ್ತೆ.”

ದೊರ್ಸಾಫ್ ನೆನಪಿಸಿಕೊಂಡಳು. ಹೋದ ಸಲ ಅವನಿಗೆ ನೋವು ಬಂದಾಗ? ಜಗಳ ನಡೆದಿತ್ತು. ಅದಕ್ಕೂ ಮೊದಲು, ಕಾರಿನಲ್ಲಿ? ಅಲ್ಲೂ ಜಗಳವೇ. ಆಗೆಲ್ಲ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು.

ಭಾನುವಾರ ಕುಸ್‌ಕುಸ್ ತಿನ್ನುವಾಗ ಮತ್ತೆ ಮಹ್ದಿಯಾದ ಮಾತು ಬಂತು. ಅಪ್ಪ ಮೇಜು ಗುದ್ದಿದ. ಜಿಯಾದನ ಕೈ ಮೆಲ್ಲಗೆ ಹೊಟ್ಟೆಗೆ ಹೋಯಿತು.

ದೊರ್ಸಾಫ್ ಆ ಕೈ ಹಿಡಿದುಕೊಂಡಳು. ಅಪ್ಪ, ಅಮ್ಮನ ಕಡೆ ತಿರುಗಿದಳು.

“ನೀವು ಜಗಳ ಆಡಿದ್ರೆ ಇವನಿಗೆ ಹೊಟ್ಟೆ ನೋಯುತ್ತೆ. ಇವನಿಗೆ ನೋವು ಬಂದ್ರೆ ನೀವು ಜಗಳ ನಿಲ್ಲಿಸ್ತೀರ. ಪ್ರತಿ ಸಲಾನೂ ಹೀಗೇ ಆಗ್ತಿದೆ.”

ಅಪ್ಪ, ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಮ್ಮ ಜಿಯಾದನ ತಲೆ ಸವರಿದಳು. “ನಮ್ಮ ಜಗಳ ನಾವೇ ಸರಿ ಮಾಡ್ಕೋತೀವಿ ಕಂದ. ಅದು ನಿನ್ನ ಕೆಲಸ ಅಲ್ಲ.”

“ಹೇಳಿದ್ದು ಒಳ್ಳೇದಾಯ್ತು ಮಗಳೇ,” ಅಂದ ಅಪ್ಪ.

ಇಬ್ಬರೂ ತಾರಸಿಗೆ ಹೋದರು. ಅವರ ಮಾತು ಕೇಳಿಸುತ್ತಿತ್ತು. ಒಮ್ಮೆ ಏರಿತು. ಜಿಯಾದ್ ಉಸಿರು ಬಿಗಿಹಿಡಿದ. ಯಾರೋ “ಸರಿ, ನೀನೇ ಮೊದಲು ಹೇಳು” ಅಂದರು. ದನಿ ಮತ್ತೆ ಇಳಿಯಿತು. ಅವನು ಒಂದು ತುತ್ತು ಬಾಯಿಗಿಟ್ಟ.

ದೊರ್ಸಾಫ್ ತಮ್ಮನನ್ನೇ ನೋಡಿದಳು. ಇಷ್ಟು ದಿನ ಅಪ್ಪ, ಅಮ್ಮನನ್ನು ಒಂದೇ ಕಡೆ ಕೂರಿಸಿದ್ದು ಇವನೊಬ್ಬನೇ. ಅವಳು ತನ್ನ ಪಾಲಿನ ಮಾಂಸದ ತುಂಡನ್ನು ಅವನತ್ತ ಸರಿಸಿದಳು.

“ಇದು ನಿಂದಲ್ವಾ ಅಕ್ಕ?”

“ತಿನ್ನೋ. ನೀನು ನೆಟ್ಟಗೆ ಊಟ ಮಾಡಿ ಎಷ್ಟು ದಿನ ಆಯ್ತು!”