ಡಿಸೆಂಬರಿನ ಹಾಳೆ

ಸೋಮವಾರಪೇಟೆ ಕಡೆಯ ಒಂದು ಬಾಲಕಿಯರ ಬಾಲಮಂದಿರದಲ್ಲಿ ಮಕ್ಕಳ ಫೈಲು ನೋಡಿಕೊಳ್ಳುವವಳು ನಾನು. ನಡೆದದ್ದನ್ನಷ್ಟೇ ಹೇಳುತ್ತೇನೆ.

ಮುಂದೆ ಪುರುಸೊತ್ತು ಸಿಗುವುದಿಲ್ಲವೆಂದು ಜೂನ್‌ನಲ್ಲೇ ಎಲ್ಲ ಮಕ್ಕಳ ಮಾಸಿಕ ವರದಿಯನ್ನು ಡಿಸೆಂಬರ್‌ವರೆಗೂ ಬರೆದು ಸಹಿ ಹಾಕಿಟ್ಟೆ. ತಪ್ಪೇ, ಆದರೆ ನಮ್ಮಲ್ಲಿ ಮಾಡದವರು ಯಾರು? ಎಲ್ಲವೂ ಒಂದೇ ಥರ ಕಾಣಬಾರದೆಂದು ಅಲ್ಲಲ್ಲಿ ಒಂದೊಂದು ಸಂಗತಿ ಕಟ್ಟಿ ಸೇರಿಸಿದೆ. ಹತ್ತು ವರ್ಷದ ದಿವ್ಯಶ್ರೀಗೆ ಜುಲೈನಲ್ಲಿ ಎಡಮಂಡಿಗೆ ಗಾಯ, ಸೆಪ್ಟೆಂಬರಿನಲ್ಲಿ ಎರಡು ದಿನ ಜ್ವರ, ನವೆಂಬರಿನಲ್ಲಿ ‘ಅಮ್ಮನನ್ನು ಕೇಳುವುದು ಬಿಟ್ಟಿದ್ದಾಳೆ’.

ಜುಲೈನಲ್ಲಿ ಅವಳು ಬಿದ್ದಳು, ಎಡಮಂಡಿಯೇ. ಮಕ್ಕಳೆಂದ ಮೇಲೆ ಬೀಳುತ್ತವೆ ಅಂದುಕೊಂಡೆ. ಸೆಪ್ಟೆಂಬರಿನ ಜ್ವರ ಸರಿಯಾಗಿ ಎರಡು ದಿನಕ್ಕೆ ಇಳಿಯಿತು.

ಇವತ್ತು ಮಧ್ಯಾಹ್ನ ಅಡುಗೆಯ ಗುರುಸಿದ್ದಮ್ಮ ತಟ್ಟೆ ಜೋಡಿಸುತ್ತಾ, “ಏನ್ ಮೇಡಂ, ದಿವ್ಯ ಈಗ ಅವ್ರಮ್ಮನ ಸುದ್ದೀನೇ ಎತ್ತಲ್ವಲ್ಲ? ಮೊದ್ಲು ದಿನಾ ಕೇಳೋಳು” ಅಂದರು.

ನಾನು ಹೋಗಿ ಅವಳ ಡಿಸೆಂಬರಿನ ಹಾಳೆ ತೆಗೆದೆ. ಮೇಲೆ ಅವಳ ಹೆಸರು, ಕೆಳಗೆ ನನ್ನ ಸಹಿ, ನಡುವೆ ಏನೂ ಇಲ್ಲ. ಖಾಲಿ ಹಾಳೆಗೆ ಸಹಿ ಹಾಕುವವಳಲ್ಲ ನಾನು. ತಿರುಗಿಸಿ ಬೆರಳಾಡಿಸಿದರೆ ಪೆನ್ನು ಒತ್ತಿ ಬರೆದ ಐದಾರು ಸಾಲು ಕೈಗೆ ಸಿಗುತ್ತವೆ. ಓದಲು ಬರುವುದಿಲ್ಲ, ಏನು ಬರೆದಿದ್ದೆನೋ ನೆನಪೂ ಇಲ್ಲ.

ನಾಳೆ ಡಿಸೆಂಬರ್ ಒಂದನೇ ತಾರೀಖು.